ಅಡಿಕೆ ಪಟ್ಟಿ ಮಕ್ಕಳೂ ನೋಡಲಿ

ಮಗ ಶಿವಮೊಗ್ಗದ ವಿನೋಬನಗರದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾನೆ. ಬಾಡಿಗೆ, ಮೆಸ್ಸಿನ ದುಡ್ಡು ನಾವೇ ಕಟ್ಟುತ್ತೇವೆ. ಕೈಖರ್ಚಿಗೆ ತಿಂಗಳಿಗೆ 3,000. ಮೊದಲ ತಿಂಗಳು 17ನೇ ತಾರೀಕಿಗೇ ಫೋನು ಬಂತು. "ಅಮ್ಮಾ, ಒಂದ್ಸಾವ್ರ ಹಾಕೇ. ಎಲ್ಲಿ ಹೋಯ್ತೋ ಗೊತ್ತಿಲ್ಲ."

ಭಾನುವಾರ ಊರಿಗೆ ಬಂದಾಗ ಇಬ್ಬರೂ ಕೂತು ಅವನ ಫೋನಿನಲ್ಲಿ ಒಂದೊಂದೇ ಪೇಮೆಂಟ್ ನೋಡಿದೆವು. ಟೀ, ಪಫ್ಸು, ಗೋಬಿ, ಜೆರಾಕ್ಸು. ಐವತ್ತು ರೂಪಾಯಿ ಒಳಗಿನವೇ 61! ಕೂಡಿದರೆ ಎರಡು ಸಾವಿರ ದಾಟಿತು. ದೊಡ್ಡ ಖರ್ಚು ಅಂತ ಒಂದೂ ಇಲ್ಲ. ಯಾವುದಕ್ಕೆ ಅಂತ ಬೈಯುವುದು?

"ಈಗಿನ ಹುಡುಗರಿಗೆ ದುಡ್ಡಿನ ಬೆಲೆ ಗೊತ್ತಿಲ್ಲ" ಅಂದರು ನಮ್ಮವರು. ಗೊತ್ತಾಗೋದಾದರೂ ಹೇಗೆ? ಅಡಿಕೆ ಬೆಳೆಯುವ ಮನೆಯಲ್ಲಿ ತಿಂಗಳ ಲೆಕ್ಕ ಅನ್ನೋದೇ ಇಲ್ಲವಲ್ಲ. ಕೊಯ್ಲು ಮುಗಿಸಿ, ಮಂಡಿಗೆ ಹಾಕಿ, ದರ ಬರಲಿ ಅಂತ ಕಾದು, ಪಟ್ಟಿ, ಅಂದರೆ ಮಂಡಿಯವರು ಕೊಡುವ ಮಾರಾಟದ ಲೆಕ್ಕದ ಚೀಟಿ, ಆದ ಮೇಲೆ ದುಡ್ಡು. ಅಲ್ಲಿವರೆಗೆ ಅಂಗಡಿ ಪುಸ್ತಕದಲ್ಲಿ ಬರೆಸುವುದು, ಮಂಡಿಯಲ್ಲಿ ಮುಂಗಡ ತರುವುದು. ಮಕ್ಕಳು ಕೇಳಿದರೆ "ನೀನು ಓದ್ಕೋ, ದುಡ್ಡಿನ ವಿಚಾರ ನಿಂಗ್ಯಾಕೆ?" 17 ವರ್ಷ ಹಾಗಂದು 18ಕ್ಕೆ ಲೆಕ್ಕ ಕೇಳಿದರೆ ಹುಡುಗ ಎಲ್ಲಿಂದ ತರಬೇಕು? ನಿಜ ಹೇಳಬೇಕಂದ್ರೆ ಮದುವೆಯಾಗಿ ಆರೇಳು ವರ್ಷ ನಾನೂ ಪಟ್ಟಿಯ ಮುಖ ನೋಡಿರಲಿಲ್ಲ.

ಈ ಸಲ ಹತ್ತನೇ ಕ್ಲಾಸಿನ ಮಗಳನ್ನು ಪಟ್ಟಿ ಮುಂದೆ ಕೂರಿಸಿದೆ. 'ರಾಶಿ' ಅನ್ನೋ ದರ್ಜೆಯ ಅಡಿಕೆ ಇಷ್ಟು ಕ್ವಿಂಟಾಲ್, ಮುಂಗಡ ಇಷ್ಟು ವಜಾ. ಅಡಿಕೆ ಗೊನೆ ಕೊಯ್ದವರ ಕೂಲಿ, ಸುಲಿದವರದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ. ಸೊಸೈಟಿ ಬೆಳೆಸಾಲಕ್ಕೆ ಬಡ್ಡಿ ಇಲ್ಲ, ವಾಯಿದೆ ದಾಟಿದರೆ ಮಾತ್ರ ಬೀಳುತ್ತದೆ. ಹಾಗಾಗಿ ಅದನ್ನು ಮೊದಲೇ ಎತ್ತಿಡಬೇಕು ಅಂತ ಅವಳಿಗೆ ಗೊತ್ತಾಗಿದ್ದು ಆವತ್ತೇ. ಉಳಿದದ್ದನ್ನು 12ರಿಂದ ಭಾಗಿಸಿ ಸುಮ್ನೆ ಕೂತಳು. "ತೋಟ ಇದೆ, ನಾವು ಸಾಹುಕಾರ್ರು ಅಂದ್ಕೊಂಡಿದ್ದೆ." ಅವಳಪ್ಪ ಎದ್ದು ಅಂಗಳಕ್ಕೆ ಹೋದರು.

ಆಮೇಲೆ 15 ದಿನದ ದಿನಸಿ, ತರಕಾರಿ ದುಡ್ಡು ಅವಳ ಕೈಗೇ ಕೊಟ್ಟೆ. ನೋಟಿನಲ್ಲೇ ಕೊಟ್ಟೆ. ಡಬ್ಬಿ ಹಗುರಾಗುವುದು ಕಣ್ಣಿಗೆ ಕಾಣಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ, ಸರಿ. ಆದರೆ ನಮ್ಮೂರಿಗೆ ಬರುವುದು ಪ್ರೈವೇಟ್ ಬಸ್ಸು. ತೀರ್ಥಹಳ್ಳಿಗೆ ಹೋಗಿಬರುವ ಚಾರ್ಜನ್ನು ಹುಡುಗಿ ಲೆಕ್ಕಕ್ಕೇ ಹಿಡಿದಿರಲಿಲ್ಲ. 12ನೇ ದಿನಕ್ಕೆ ಡಬ್ಬಿ ಖಾಲಿ. ನಾನು ಒಂದು ರೂಪಾಯಿ ಹಾಕಲಿಲ್ಲ. ಮೂರು ದಿನ ಹಿತ್ತಲಿನ ಒಂದೆಲಗದ ತಂಬುಳಿ, ಕೆಸುವಿನ ಸೊಪ್ಪು, ಬಾಳೆದಿಂಡು. "ಮಕ್ಕಳ ಕೈಲಿ ಮನೆ ಕೊಟ್ಟರೆ ಹೀಗೇ" ಅಂತ ಅತ್ತೆ ಗೊಣಗಿದರು. ತಂಬುಳಿ ಮಾತ್ರ ಎರಡು ಸಲ ಬಡಿಸಿಕೊಂಡರು.

ದುಡ್ಡು ಖಾಲಿಯಾಗೋದಾದರೆ ಮನೆಯಲ್ಲೇ ಒಂದ್ಸಲ ಆಗಲಿ ಅನ್ನೋದು ನನ್ನ ವಾದ. ಇಲ್ಲಿ ಹಿತ್ತಲಾದರೂ ಇದೆ. ರೂಮಿನಲ್ಲಿ ಇರುವುದು ಸ್ನೇಹಿತರ ಸಾಲ, ಇಲ್ಲಾ ಫೋನಿನೊಳಗಿನ ಸಾಲದ ಆ್ಯಪು.

ಮಗ ಈಗ ಭಾನುವಾರ 700 ರೂಪಾಯಿ ನೋಟು ತೆಗೆದಿಟ್ಟುಕೊಂಡು ವಾರ ಕಳೆಯುತ್ತಾನೆ. ಹೋದ ತಿಂಗಳು ಫೋನು ಬಂದಿದ್ದು 26ಕ್ಕೆ. ನಾಲ್ಕು ದಿನ ತಡ್ಕೋ ಅಂದೆ. ಹಿಂದಿನಿಂದ ಮಗಳು ಕೂಗಿದಳು: "ತಂಬುಳಿ ಮಾಡ್ಕೋ ಅಣ್ಣಾ!"