ಇರುವೆಯ ಕಣ್ಣು ಮಸುಕಾಗಿದೆ ಎಂದವರಿಗೆ

ಕಳೆದ ತಿಂಗಳು ನಾನು ಹಂಚಿಕೊಂಡ ಒಂದು ಮ್ಯಾಕ್ರೋ ಚಿತ್ರದಲ್ಲಿ, ಅಂದರೆ ತೀರಾ ಹತ್ತಿರದಿಂದ ತೆಗೆದ ಚಿತ್ರದಲ್ಲಿ, ಎಳೆಯ ಕುಡಿಯೊಂದಕ್ಕೆ ಮುತ್ತಿಕೊಂಡ ಗಿಡಹೇನುಗಳ ನಡುವೆ ಇರುವೆಯೊಂದು ನಿಂತು, ತನ್ನ ಕುಡಿಮೀಸೆಗಳಿಂದ ಒಂದು ಹೇನಿನ ಬೆನ್ನನ್ನು ಸವರುತ್ತಿದೆ. ಹೇನಿನ ಹಿಂಬದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಸಿಹಿ ದ್ರವದ ಹನಿಯೊಂದು ಆಗಷ್ಟೇ ಮೂಡಿದೆ. ಆ ಹನಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಇರುವೆ ಅದನ್ನು ಹೀರಿಬಿಡುತ್ತದೆ. ಅದನ್ನು ಹಿಡಿಯಲು ನಾನು ಮೂರು ದಿನ ಬೆಳಗ್ಗೆ ಅದೇ ಗಿಡದ ಮುಂದೆ ಮಂಡಿಯೂರಿ ಕುಳಿತಿದ್ದೆ. ಚಿತ್ರಕ್ಕೆ ಬಂದ ಮೊದಲ ಮಾತು, 'ಕಣ್ಣು ಫೋಕಸ್ ಆಗಿಲ್ಲ' ಎಂಬುದು. ಎರಡನೆಯದು, 'ಯಾವ ಕ್ಯಾಮೆರಾ?' ಮೂರನೆಯವರು, ಇಂಥವನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ, ಚಿಟ್ಟೆಗಳದ್ದಿದ್ದರೆ ಹಾಕಿ ಎಂದು ಕೇಳಿದ್ದರು.

ಕಣ್ಣು ಮಸುಕಾಗಿರುವುದು ನಿಜ. ಹನಿ ಮತ್ತು ಕಣ್ಣು, ಎರಡರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದಾಗಿದ್ದ ಆ ಗಳಿಗೆಯಲ್ಲಿ ನಾನು ಹನಿಯನ್ನು ಆರಿಸಿಕೊಂಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದಕ್ಕೆ ಒಂದರ ಅನುಪಾತದಲ್ಲಿ, ಅಂದರೆ ವಸ್ತುವಿನ ನಿಜ ಗಾತ್ರವೇ ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸೆನ್ಸರ್ ಮೇಲೆ ಮೂಡುವಷ್ಟು ಹತ್ತಿರದಿಂದ ತೆಗೆದಾಗ, 36 ಮಿಲಿಮೀಟರ್ ಅಗಲದ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅಪರ್ಚರ್, ಅಂದರೆ ಬೆಳಕನ್ನು ಒಳಬಿಡುವ ಲೆನ್ಸ್‌ನ ಕಿಂಡಿ, ಎಫ್ 8 ಇದ್ದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ಆದರೆ ಅಷ್ಟು ಅಗಲದ ಚೌಕಟ್ಟಿನಲ್ಲಿ 4 ಮಿಲಿಮೀಟರಿನ ಇರುವೆ ಒಂಬತ್ತರಲ್ಲಿ ಒಂದು ಪಾಲನ್ನಷ್ಟೇ ತುಂಬುತ್ತದೆ. ಆದ್ದರಿಂದ ಎರಡು ಪಟ್ಟು ಹಿಗ್ಗಿಸಲು ಹೋದರೆ, ಆ ಆಳ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆಯಾಗುತ್ತದೆ. ಅಪರ್ಚರನ್ನು ಇನ್ನಷ್ಟು ಕಿರಿದು ಮಾಡಿದರೆ ಆಳವೇನೋ ಹೆಚ್ಚುತ್ತದೆ. ಆದರೆ ಬೆಳಕು ಆ ಕಿರುಕಿಂಡಿಯ ಅಂಚಿನಲ್ಲಿ ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ. ಇಷ್ಟರ ಮೇಲೆ ಗಾಳಿಗೆ ಕುಡಿ ಓಲಾಡುತ್ತದೆ, ಇರುವೆ ನಿಂತಲ್ಲಿ ನಿಲ್ಲುವುದಿಲ್ಲ, ನನ್ನ ಉಸಿರಾಟಕ್ಕೇ ಕ್ಯಾಮೆರಾ ಒಂದು ಮಿಲಿಮೀಟರ್ ಹಿಂದೆ ಮುಂದೆ ಸರಿಯುತ್ತದೆ.

ಕಷ್ಟಪಟ್ಟು ತೆಗೆದಿದ್ದೇನೆ, ಆದ್ದರಿಂದ ಮೆಚ್ಚಿಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ನೋಡುವವರಿಗೆ ನನ್ನ ಮಂಡಿ ನೋವಿನಿಂದ ಆಗಬೇಕಾದದ್ದು ಏನೂ ಇಲ್ಲ. ನನ್ನ ಆಕ್ಷೇಪ ಇರುವುದು, 'ಕಣ್ಣು ಸ್ಪಷ್ಟವಾಗಿರಬೇಕು' ಎಂಬ ಒಂದೇ ನಿಯಮವನ್ನು ಅಳತೆಗೋಲಾಗಿ ಹಿಡಿದುಕೊಂಡು, ಚಿತ್ರದಲ್ಲಿ ಏನು ನಡೆಯುತ್ತಿದೆ ಎಂದು ನೋಡುವ ಮೊದಲೇ ತೀರ್ಪು ಕೊಡುವ ಅಭ್ಯಾಸದ ಬಗ್ಗೆ. ಮುಖಚಿತ್ರಕ್ಕೆ, ಅಂದರೆ ಮುಖವನ್ನೇ ತೋರಿಸಲು ತೆಗೆದ ಚಿತ್ರಕ್ಕೆ, ಆ ನಿಯಮ ಸರಿ. ನೆಗೆಯುವ ಜೇಡದ ಮುಂದಿನ ಎರಡು ದೊಡ್ಡ ಕಣ್ಣುಗಳು ಮಸುಕಾದರೆ ಆ ಚಿತ್ರದಲ್ಲಿ ಉಳಿಯುವುದು ಕಡಿಮೆ. ಆದರೆ ಇರುವೆಯ ಈ ಚಿತ್ರ ಮುಖಚಿತ್ರವಲ್ಲ. ಎರಡು ಜೀವಿಗಳ ನಡುವಿನ ಕೊಡುಕೊಳ್ಳುವಿಕೆಯ ಚಿತ್ರ.

ಮೆಚ್ಚುಗೆಯ ಲೆಕ್ಕವೂ ಹೀಗೆಯೇ ದಾರಿ ತಪ್ಪಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಏನೂ ಯೋಚಿಸದೆ ತೆಗೆದ ಚಿಟ್ಟೆಯ ಚಿತ್ರಕ್ಕೆ, ವಾರಗಟ್ಟಲೆ ಕಾದು ತೆಗೆದ ನೊಣದ ಚಿತ್ರಕ್ಕಿಂತ ಹಲವು ಪಟ್ಟು ಮೆಚ್ಚುಗೆ ಬರುತ್ತದೆ. ಅಲ್ಲಿ ಜನ ಮೆಚ್ಚುವುದು ಚಿಟ್ಟೆಯನ್ನು. ಅದು ತಪ್ಪಲ್ಲ, ಆದರೆ ಅದನ್ನು ಛಾಯಾಗ್ರಹಣದ ಮೇಲಿನ ತೀರ್ಪು ಎಂದು ಹವ್ಯಾಸಿಯೊಬ್ಬರು ತಿಳಿದುಕೊಂಡರೆ, ಕ್ರಮೇಣ ಅವರು ನೊಣದ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗೆ ಚಿಟ್ಟೆ, ಇಬ್ಬನಿ, ಹೂವುಗಳಿಗೆ ಮಾತ್ರ ಸೀಮಿತರಾಗಿ, ಕೊನೆಗೆ ಬೇಸತ್ತು ಕ್ಯಾಮೆರಾವನ್ನೇ ಬದಿಗಿಟ್ಟವರನ್ನು ನಾನು ಬಲ್ಲೆ.

ಇನ್ನೊಂದು ಪ್ರಶ್ನೆ ಈಚೆಗೆ ಹೆಚ್ಚಾಗಿದೆ: 'ಇದು ಅಸಲಿಯೇ?' ಈ ಸಂಶಯ ನನಗೆ ಬೇಸರ ತರಿಸುವುದಿಲ್ಲ, ಕೇಳುವ ಹಕ್ಕು ನೋಡುಗರಿಗಿದೆ. ಎಐ ರೂಪಿಸಿದ ಕೀಟಗಳ ಚಿತ್ರಗಳಲ್ಲಿ ಕಾಲುಗಳ ಎಣಿಕೆ ತಪ್ಪಿರುವುದನ್ನೂ, ಎದೆಭಾಗದಿಂದ ಹೊರಡಬೇಕಾದ ಕಾಲುಗಳು ಹೊಟ್ಟೆಯಿಂದ ಹೊರಟಿರುವುದನ್ನೂ ನಾನೇ ಕಂಡಿದ್ದೇನೆ. ಆದರೆ ಸ್ಟ್ಯಾಕಿಂಗ್ ಮಾಡಿದ ಚಿತ್ರವನ್ನೂ ಅದೇ ಸಾಲಿಗೆ ಸೇರಿಸಿ ಮೋಸ ಎನ್ನುವುದು ಸರಿಯಲ್ಲ. ಫೋಕಸನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ತೆಗೆದ ಹತ್ತಾರು ಚಿತ್ರಗಳ ಸ್ಪಷ್ಟ ಭಾಗಗಳನ್ನಷ್ಟೇ ಒಟ್ಟುಗೂಡಿಸುವ ವಿಧಾನ ಅದು. ಮುಂಜಾನೆಯ ತಂಪಿನಲ್ಲಿ ಮರಗಟ್ಟಿದಂತೆ ಕುಳಿತ ಕೀಟಕ್ಕೆ ಅದು ಒಗ್ಗುತ್ತದೆ. ಓಡಾಡುವ ಇರುವೆಯ ಮೇಲೆ ಪ್ರಯೋಗಿಸಿದರೆ ಎರಡು ಮೀಸೆಗಳ ಜಾಗದಲ್ಲಿ ನಾಲ್ಕು ಮೂಡುತ್ತವೆ. ಚಿತ್ರವನ್ನು ತಿದ್ದುವುದು ಹೊಸದೇನೂ ಅಲ್ಲ. ಹಿಮದ ಹರಳುಗಳ ಚಿತ್ರಗಳಿಂದ ಹೆಸರಾದ ಅಮೆರಿಕದ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಮೊದಲ ಹರಳನ್ನು ಸೆರೆಹಿಡಿದು, ಬದುಕಿನುದ್ದಕ್ಕೂ 5000ಕ್ಕೂ ಹೆಚ್ಚು ಹರಳುಗಳನ್ನು ಚಿತ್ರಿಸಿದರು. ಹರಳು ಕಪ್ಪು ಹಿನ್ನೆಲೆಯಲ್ಲಿ ಎದ್ದು ಕಾಣಲೆಂದು ಅವರು ನೆಗೆಟಿವ್‌ನ ಪ್ರತಿಯಲ್ಲಿ ಹರಳಿನ ಸುತ್ತಲಿನ ಲೇಪವನ್ನು ಹೆರೆದು ತೆಗೆಯುತ್ತಿದ್ದರು, ಅದಕ್ಕೆ ಆ ಕಾಲದಲ್ಲೇ ಆಕ್ಷೇಪಗಳೂ ಬಂದಿದ್ದವು. ಚಿತ್ರವನ್ನು ತಿದ್ದಿದ್ದಾರೆಯೇ ಎಂದು ಕೇಳುವುದಕ್ಕಿಂತ, ಹೇಗೆ ತಿದ್ದಿದ್ದಾರೆ ಮತ್ತು ಅದನ್ನು ಹೇಳಿಕೊಂಡಿದ್ದಾರೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ ಎಂದು ನನಗೆ ಅನ್ನಿಸುತ್ತದೆ.

ಅದಕ್ಕಾಗಿಯೇ ನಾನು ಪ್ರತಿ ಚಿತ್ರದ ಕೆಳಗೆ, ಒಂದೇ ಕ್ಲಿಕ್ಕೋ ಸ್ಟ್ಯಾಕಿಂಗೋ, ಎಷ್ಟು ಕ್ರಾಪ್ ಮಾಡಿದ್ದೇನೆ, ಕೀಟಕ್ಕೆ ಜೀವವಿತ್ತೋ ಇಲ್ಲವೋ ಎಂದು ಬರೆಯುತ್ತೇನೆ. ಕೊನೆಯದು ನನಗೆ ಬಹಳ ಮುಖ್ಯ. ಕೀಟಗಳನ್ನು ಫ್ರಿಜ್‌ನಲ್ಲಿಟ್ಟು ಜಡಗೊಳಿಸಿ, ಕೆಲವೊಮ್ಮೆ ಕೊಂದು, ಎಲೆಯ ಮೇಲೆ ಕೂರಿಸಿ, 'ಪ್ರಕೃತಿಯ ಮಡಿಲಲ್ಲಿ' ಎಂದು ಹಾಕುವವರಿದ್ದಾರೆ. ಅಂಥ ಚಿತ್ರದ ತಲೆಯಿಂದ ಬಾಲದವರೆಗಿನ ಸ್ಪಷ್ಟತೆಯನ್ನು ನೋಡಿ ಬೆರಗಾದವರು, ಬಯಲಿನಲ್ಲಿ ಜೀವಂತ ಕೀಟವನ್ನು ತೆಗೆದವರಿಗೆ ಅದನ್ನೇ ಮಾದರಿಯಾಗಿ ತೋರಿಸುತ್ತಾರೆ. ಸತ್ತ ಕೀಟವನ್ನು ಸತ್ತದ್ದೆಂದು ಹೇಳಿ ಚಿತ್ರಿಸುವುದರಲ್ಲಿ ನನಗೆ ತಕರಾರಿಲ್ಲ, ಸಂಗ್ರಹಾಲಯಗಳ ಕೆಲಸ ನಡೆಯುವುದೇ ಹಾಗೆ.

ಇರುವೆಯ ಚಿತ್ರಕ್ಕೆ ಎರಡು ದಿನಗಳ ನಂತರ ಇನ್ನೊಂದು ಪ್ರತಿಕ್ರಿಯೆ ಬಂತು. ನನಗೆ ಪರಿಚಯವಿಲ್ಲದ ಒಬ್ಬರು ಚಿತ್ರವನ್ನು ಹಿಗ್ಗಿಸಿ ನೋಡಿ, 'ಎಡಗಡೆ ಕೆಳಮೂಲೆಯಲ್ಲಿ, ಕಾಂಡಕ್ಕೆ ಅಂಟಿದ ಕಂದು ಬಣ್ಣದ ಉಬ್ಬಿದ ಹೇನನ್ನು ಗಮನಿಸಿದ್ದೀರಾ? ಅದರ ಬೆನ್ನಿನಲ್ಲಿ ದುಂಡಗಿನ ತೂತಿದೆ' ಎಂದು ಬರೆದಿದ್ದರು. ನಾನು ಗಮನಿಸಿರಲಿಲ್ಲ. ಮೂಲ ಚಿತ್ರವನ್ನು ತೆರೆದು ನೋಡಿದರೆ, ಒಣಗಿದ ಕಾಗದದಂಥ ಚಿಪ್ಪು, ಅದರಲ್ಲಿ ಸೂಜಿಯಿಂದ ಕೊರೆದಂತೆ ನಯವಾದ ಅಂಚಿನ ರಂಧ್ರ. ಗಿಡಹೇನಿನೊಳಗೆ ಮೊಟ್ಟೆಯಿಡುವ ಪುಟ್ಟ ಕಣಜಗಳಿವೆ. ಅದರ ಮರಿ ಹೇನನ್ನು ಒಳಗಿನಿಂದಲೇ ತಿಂದು ಬೆಳೆದು, ಕೊನೆಗೆ ರೆಕ್ಕೆ ಬಂದ ಕಣಜವಾಗಿ ಚಿಪ್ಪಿಗೆ ತೂತು ಕೊರೆದು ಹಾರಿಹೋಗುತ್ತದೆ. ಹನಿಗಾಗಿ ನಾನು ಕಾಯುತ್ತಿದ್ದ ಅದೇ ಕುಡಿಯ ಮೇಲೆ ಈ ಕಥೆಯೂ ನಡೆದು ಮುಗಿದಿತ್ತು. ಅದೇ ಮಹನೀಯರು ಕೊನೆಯಲ್ಲಿ, 'ಫ್ಲ್ಯಾಶ್‌ನ ಬೆಳಕು ಇರುವೆಯ ತಲೆಯ ಮೇಲೆ ಬಿಳಿ ಚುಕ್ಕೆಯಾಗಿ ಬಿದ್ದಿದೆ, ಡಿಫ್ಯೂಸರನ್ನು ಇನ್ನೂ ಹತ್ತಿರ ತನ್ನಿ' ಎಂದೂ ಸೇರಿಸಿದ್ದರು. ಅದು ಸರಿಯಾದ ದೋಷ, ಸರಿಯಾದ ಜಾಗದಲ್ಲಿ ತೋರಿಸಿದ ದೋಷ. ಮರುದಿನವೇ, ಫ್ಲ್ಯಾಶ್‌ನ ಬೆಳಕನ್ನು ಮೃದುವಾಗಿ ಹರಡುವ ಆ ಡಿಫ್ಯೂಸರ್ ಅನ್ನು ಲೆನ್ಸ್‌ನ ತುದಿಯವರೆಗೆ ತಂದು ಕಟ್ಟಿದೆ. ಈಗ ಬಿಡುವಾದಾಗಲೆಲ್ಲ ನನ್ನ ಹಳೆಯ ಚಿತ್ರಗಳನ್ನು ತೆರೆದು, ಅವುಗಳ ಮೂಲೆಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡುತ್ತಿದ್ದೇನೆ.