ನೂರಮೂವತ್ತು ಕುದುರೆ, ಮೂರು ಹಂಪ್

ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಿಂದ ಮುಖ್ಯರಸ್ತೆಗೆ ಸೇರುವಷ್ಟರಲ್ಲಿ ಮೂರು ಹಂಪ್‌ಗಳಿವೆ. ಮೊದಲನೆಯದನ್ನು ನಮ್ಮ ಕಾರು ಎಡದಿಂದ ಓರೆಯಾಗಿ ಹತ್ತುತ್ತದೆ, ಎರಡನೆಯದನ್ನು ಬಲದಿಂದ ಓರೆಯಾಗಿ ಹತ್ತುತ್ತದೆ, ಮೂರನೆಯದು ಬಂದಾಗ ಅಮ್ಮ, ಹೆಂಡತಿ ಮತ್ತು ಮಗಳು ಕಾರಿನಿಂದಿಳಿದು, ನಡೆದೇ ಹಂಪ್ ದಾಟಿ, ಆಚೆ ಬದಿಯಲ್ಲಿ ನಿಂತು ನನಗಾಗಿ ಕಾಯುತ್ತಾರೆ. ನಮ್ಮ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದ ಮನೆಯವರು ಈ ವಿಧಿಯನ್ನು ಮೂರು ದಿನ ಜಗಲಿಯಿಂದಲೇ ಗಮನಿಸಿ, ನಾಲ್ಕನೆಯ ದಿನ ಅಮ್ಮನ ಬಳಿ ಬಂದು, ಆ ಜಾಗದಲ್ಲಿ ಚೌಡಿ ಏನಾದರೂ ಇದೆಯೇ, ತಾವೂ ಇಳಿದು ನಡೆಯಬೇಕೇ ಎಂದು ಭಯಭಕ್ತಿಯಿಂದ ವಿಚಾರಿಸಿದರಂತೆ. ಅಮ್ಮ ಏನು ಉತ್ತರಿಸಿದಳೋ ನನಗೆ ತಿಳಿಯದು. ಮರುವಾರ ಹಂಪ್‌ನ ಪಕ್ಕದಲ್ಲಿ ಎರಡು ದಾಸವಾಳದ ಹೂವುಗಳಿದ್ದುದನ್ನು ಮಾತ್ರ ನಾನೇ ನೋಡಿದ್ದೇನೆ.

ನ್ಯಾಯವಾಗಿ ಹೇಳಬೇಕೆಂದರೆ ಲೆಕ್ಕ ನನ್ನ ಪರವಾಗಿಯೇ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಹಂಪ್ ಎಂಬುದು 3.7 ಮೀಟರ್ ಅಗಲವಾಗಿ ಹರಡಿಕೊಂಡು, ನಡುವೆ 10 ಸೆಂಟಿಮೀಟರ್ ಎತ್ತರವಿದ್ದು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸುಖವಾಗಿ ದಾಟುವಂತಿರಬೇಕು. ನಮ್ಮ ಕಾರಿನ ಹೊಟ್ಟೆಗೂ ನೆಲಕ್ಕೂ ಈಗ ಇರುವ ಅಂತರ ಹನ್ನೆರಡೂವರೆ ಸೆಂಟಿಮೀಟರ್. ಶಾಸ್ತ್ರೋಕ್ತವಾದ ಹಂಪ್ ಮೇಲೆ ನಾನು ಎರಡೂವರೆ ಸೆಂಟಿಮೀಟರ್ ಮಿಗಿಸಿಕೊಂಡು ಹೋಗಬಲ್ಲೆ. ಆದರೆ ನಮ್ಮ ಬೀದಿಯ ಹಂಪ್‌ಗಳು, ರಸ್ತೆಗೆ ಡಾಂಬರು ಹಾಕಿ ಮುಗಿದ ಸಂಜೆ, ಉಳಿದ ಜಲ್ಲಿಯನ್ನು ಮರಳಿ ಒಯ್ಯುವ ಬೇಸರಕ್ಕೆ ಅಲ್ಲೇ ಸುರಿದು ಗದ್ದೆಯಂಚಿನಂತೆ ಬಡಿದು ಹೋದ ರಚನೆಗಳು. ಅವುಗಳ ಮುಂದೆ ಶಾಸ್ತ್ರ ನಡೆಯುವುದಿಲ್ಲ.

ಈ ಕಾರು ಹುಟ್ಟಿನಿಂದಲೇ ಹೀಗಿರಲಿಲ್ಲ. 2016ರಲ್ಲಿ ಕೊಂಡಾಗ ಅದು ಐದು ಜನ ಕೂರಬಹುದಾದ, 1.2 ಲೀಟರಿನ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಪೆಟ್ರೋಲ್ ಎಂಜಿನ್ನಿನ, 105 ಅಶ್ವಶಕ್ತಿಯ ಸಭ್ಯ ಹ್ಯಾಚ್‌ಬ್ಯಾಕ್ ಆಗಿತ್ತು. ನನ್ನ ಓರಗೆಯವರೆಲ್ಲ ಬೆಳಗಿನ ವಾಕಿಂಗು, ರಾಗಿ ಅಂಬಲಿ ಎಂದು ದಾರಿಗೆ ಬರುತ್ತಿದ್ದ ನಲವತ್ತೆರಡನೆಯ ವಯಸ್ಸಿನಲ್ಲಿ ನನಗೆ ಕಾರಿನ ಚಕ್ರಗಳು ಸಣ್ಣವಾಗಿ ಕಾಣತೊಡಗಿದವು. ಹದಿನೈದು ಇಂಚಿನ ಚಕ್ರ ತೆಗೆದು ಹದಿನಾರು ಇಂಚಿನ ಅಲಾಯ್ ಹಾಕಿಸಿದೆ. ಟೈರಿನ ಮೇಲೆ 185/60 ಎಂದು ಇದ್ದದ್ದು 195/50 ಆಯಿತು. ಮೊದಲ ಸಂಖ್ಯೆ ಟೈರಿನ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಾಲು ಟೈರಿನ ಪಕ್ಕೆಯ ಎತ್ತರ ಎಂಬುದರ ಲೆಕ್ಕ. ಬಿಡಿಸಿ ನೋಡಿದರೆ ರಸ್ತೆಯ ಗುಂಡಿಗೂ ನಮ್ಮ ಬೆನ್ನುಮೂಳೆಗೂ ನಡುವೆ 111 ಮಿಲಿಮೀಟರ್ ಇದ್ದ ರಬ್ಬರು 97.5ಕ್ಕೆ ಇಳಿಯಿತು. ಆ ಹದಿಮೂರೂವರೆ ಮಿಲಿಮೀಟರಿನ ಬೆಲೆ ಏನೆಂದು ಹಿಂದಿನ ಸೀಟಿನಲ್ಲಿ ಕೂತ ಅಮ್ಮನಿಗೆ ಮೊದಲ ದಿನವೇ ತಿಳಿಯಿತು, ನನಗೆ ಒಂದು ವರ್ಷ ಬೇಕಾಯಿತು.

ಚಕ್ರ ದೊಡ್ಡದಾಗಿ ಕಂಡ ಮೇಲೆ ಅದರ ಮೇಲಿನ ಖಾಲಿ ಜಾಗ ಹಲ್ಲುಬಿದ್ದ ಬಾಯಿಯಂತೆ ಕಾಣಿಸಿತು. ಅದಕ್ಕೆಂದು 40 ಮಿಲಿಮೀಟರ್ ತಗ್ಗಿನ ಗಡುಸು ಸ್ಪ್ರಿಂಗ್ ಹಾಕಿಸಿದ್ದಾಯಿತು. ಅನಂತರ ಗ್ಯಾರೇಜಿನ ಹುಡುಗ, "ಇಷ್ಟೆಲ್ಲ ಮಾಡ್ಸಿದೀರ ಸಾರ್, ಪಾಪ ಅದು ಉಸಿರಾಡೋದು ಬೇಡ್ವಾ?" ಎಂದು ಎಷ್ಟು ಕರುಣೆಯಿಂದ ಕೇಳಿದನೆಂದರೆ, ಉಬ್ಬಸದ ಮಗುವಿಗೆ ಔಷಧಿ ಕೊಡಿಸುವ ತಂದೆಯ ಮನಸ್ಸಿನಿಂದ ನಾನು ಸೈಲೆನ್ಸರನ್ನೂ ಬದಲಾಯಿಸಿದೆ. ಕೊನೆಗೆ ಅವನು ಲ್ಯಾಪ್‌ಟಾಪಿನ ತಂತಿಯನ್ನು ಸ್ಟಿಯರಿಂಗ್ ಕೆಳಗೆ ಚುಚ್ಚಿ, ಟರ್ಬೊ ಒತ್ತಡ, ಪೆಟ್ರೋಲಿನ ಪ್ರಮಾಣ, ಕಿಡಿ ಹೊತ್ತುವ ಹೊತ್ತು ಎಲ್ಲವನ್ನೂ ತಿದ್ದಿ, ಒಂದು ಲೋಟ ಕಾಫಿ ಆರುವಷ್ಟರಲ್ಲಿ 105 ಕುದುರೆಗಳನ್ನು ನೂರಮೂವತ್ತು ಮಾಡಿಕೊಟ್ಟ. ಕಾರಿಗೆ ಮಾಡಿದ ಖರ್ಚನ್ನು ಹೆಂಡತಿ ಕೂಡಿ ನೋಡಿ, ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಹುಟ್ಟಿದ್ದು ಎಲ್ಲಿ ಎಂದು ತನಗೆ ಈಗ ಗೊತ್ತಾಯಿತು ಎಂದಳು.

ಹೊಸ ಕುದುರೆಗಳು ಹಳೆಯ ಹುಲ್ಲು ತಿನ್ನುವುದಿಲ್ಲ ಎಂಬುದು ಮುಂದಿನ ತಿಂಗಳ ಲೆಕ್ಕದಲ್ಲಿ ಗೊತ್ತಾಯಿತು. ಸಿಲಿಂಡರಿನಲ್ಲಿ ಒತ್ತಡ ಹೆಚ್ಚಿದರೆ ಪೆಟ್ರೋಲ್ ಕಿಡಿಗೆ ಕಾಯದೆ ತಾನಾಗಿ ಹೊತ್ತಿಕೊಳ್ಳಲು ನೋಡುತ್ತದೆ. ಅದನ್ನು ತಡೆಯಲು ಸಾಮಾನ್ಯ ಪೆಟ್ರೋಲಿನ ಬದಲು, ಹಾಗೆ ಬೇಗ ಹೊತ್ತಿಕೊಳ್ಳದ, ಹೆಚ್ಚು ಆಕ್ಟೇನಿನ ತುಟ್ಟಿಯ ಪೆಟ್ರೋಲ್ ಹಾಕಬೇಕು. ಅದು ನಗರದ ಕೆಲವು ಬಂಕ್‌ಗಳಲ್ಲಿ ಸಿಗುತ್ತದೆ, ಊರಕಡೆ ಕೇಳಿದರೆ "ಖಾಲಿ ಆಗಿದ್ಯಾ, ಬಂದೇ ಇಲ್ವಾ ಗೊತ್ತಿಲ್ಲ ಸಾರ್" ಎನ್ನುತ್ತಾರೆ. ಆದ್ದರಿಂದ ಊರಿಗೆ ಹೊರಡುವಾಗ, ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಕಟ್ಟಿಕೊಂಡಷ್ಟೇ ಮುತುವರ್ಜಿಯಿಂದ ಕಾರಿನ ಟ್ಯಾಂಕನ್ನು ತುಂಬಿಸಿಕೊಳ್ಳುತ್ತೇವೆ. ಮನೆಯಲ್ಲಿ ಈಗ ಪಥ್ಯದವರು ಇಬ್ಬರು.

ಇನ್ನೊಂದು ಪಥ್ಯವೂ ಇದೆ. ಟರ್ಬೊದೊಳಗಿನ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವಂಥದು, ಕೆಂಪಗೆ ಕಾಯುವಂಥದು. ಓಡಿಸಿದ ಕೂಡಲೇ ಎಂಜಿನ್ ನಿಲ್ಲಿಸಿದರೆ ಅದಕ್ಕೆ ಹರಿಯುವ ಎಣ್ಣೆಯೂ ನಿಂತು, ಅಲ್ಲೇ ಸೀದು ಕರಕಲಾಗುತ್ತದೆ. ಹಾಗಾಗಿ ಗಾಡಿ ನಿಲ್ಲಿಸಿದ ಮೇಲೂ ಒಂದೆರಡು ನಿಮಿಷ ಎಂಜಿನ್ ಓಡುತ್ತಿರಬೇಕು. ತೀರ್ಥಹಳ್ಳಿಯಲ್ಲಿ ಹತ್ತಿರದ ನೆಂಟರ ಮದುವೆಗೆ ಹೋದಾಗ, ಛತ್ರದ ಎದುರು ಹೀಗೆ ಕಾರನ್ನು ಗುಡುಗಿಸುತ್ತ ನಾವು ಒಳಗೇ ಕುಳಿತಿದ್ದೆವು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಪಂಚೆ ಎತ್ತಿ ಕಟ್ಟಿ ಓಡಿಬಂದರು. "ಎಂತಾಯ್ತು ಮಾರಾಯ್ರೆ, ಊಟ ಮಾಡ್ದೆ ಹೊರಟ್ರಾ? ಯಾರಾದ್ರೂ ಎಂತಾದ್ರೂ ಅಂದ್ರಾ?" ಎಂದು ಕಿಟಕಿಯಲ್ಲಿ ತಲೆಯಿಟ್ಟರು. ಎಣ್ಣೆ ತಣಿಯಲು ಕಾಯುತ್ತಿದ್ದೇವೆ ಎಂದು ನಾನು ಹೇಳಿದ್ದು ಎಂಜಿನ್ನಿನ ಸದ್ದಿನಲ್ಲಿ ಅವರಿಗೆ ಹೇಗೆ ಕೇಳಿಸಿತೋ, ಆ ದಿನ ಪಂಕ್ತಿಯಲ್ಲಿ ನಮ್ಮನ್ನು ವಿಶೇಷವಾಗಿ ಉಪಚರಿಸಿ, ಹೋಳಿಗೆಯ ಮೇಲೆ ತುಪ್ಪವನ್ನು ಎರಡು ಬಾರಿ ಬಡಿಸಿ, ಮುನಿಸು ಇಳಿಯಿತೇ ಎಂದು ಮುಖ ನೋಡಿಹೋದರು.

ಸದ್ದಿನ ವಿಷಯದಲ್ಲಿ ನಾನು ತಪ್ಪಿತಸ್ಥನೆಂದು ಒಪ್ಪುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ತಿದ್ದಬಾರದು ಎನ್ನುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಇದೆಲ್ಲ ನನಗೆ ತಿಳಿದದ್ದು ಸೈಲೆನ್ಸರ್ ಬದಲಾಯಿಸಿದ ಮೇಲೆ, ಅಂದರೆ ಬುದ್ಧಿ ಬರುವ ಮಾಮೂಲಿ ಕ್ರಮದಲ್ಲಿ. ಗೋಪಿ ವೃತ್ತದಲ್ಲಿ ಒಮ್ಮೆ ಪೊಲೀಸರು ಕೈ ಅಡ್ಡ ಮಾಡಿದಾಗ ದಂಡದ ಹಣ ಎಣಿಸಿಕೊಂಡೇ ಗಾಜಿಳಿಸಿದೆ. ಅವರು ಹಿಂದಿನ ಸೀಟಿನ ಅಮ್ಮನನ್ನೂ, ಅವಳ ತೊಡೆಯ ಮೇಲಿದ್ದ ಬಸಳೆ ಸೊಪ್ಪಿನ ಕಟ್ಟನ್ನೂ ನೋಡಿ, ಇಂಥ ಸಂಸಾರ ಬೇಕೆಂದೇ ಇಂಥ ಸದ್ದು ಮಾಡಲಾರದು ಎಂದು ತೀರ್ಮಾನಿಸಿದರೆಂದು ಕಾಣುತ್ತದೆ. "ಸೈಲೆನ್ಸರ್ ಒಡೆದು ಹೋಗಿದೆ ನೋಡಿ ಸಾರ್, ಬೇಗ ವೆಲ್ಡಿಂಗ್ ಮಾಡಿಸ್ಕೊಳ್ಳಿ" ಎಂದು ಒಳ್ಳೆಯ ಮಾತಿನಲ್ಲೇ ಹೇಳಿ ಬಿಟ್ಟರು. ಸಾವಿರಾರು ರೂಪಾಯಿ ಕೊಟ್ಟು ತರಿಸಿದ ಸಾಮಾನಿಗೆ ಒಡೆದದ್ದೆಂಬ ಹೆಸರು ಬಂದುದಕ್ಕೆ ಅಭಿಮಾನ ಕೆರಳಿತಾದರೂ, ಸತ್ಯ ಹೇಳುವುದಕ್ಕೆ ಅದು ತಕ್ಕ ಸಮಯವಾಗಿರಲಿಲ್ಲ.

ಅಂದೇ ಹಳೆಯ ಸೈಲೆನ್ಸರನ್ನು ಮರಳಿ ಹಾಕಿಸಬೇಕೆಂದು ಮನೆಗೆ ಬಂದು ಹಿತ್ತಲಿನಲ್ಲಿ ಹುಡುಕಿದರೆ ಅದು ಅಲ್ಲಿರಲಿಲ್ಲ. ಯುಗಾದಿಯ ಮುಂಚೆ ಮನೆ ಸ್ವಚ್ಛ ಮಾಡುವಾಗ ಅಮ್ಮ ಅದನ್ನು ಗುಜರಿಯವನಿಗೆ ಕೊಟ್ಟು ಎರಡು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡಿದ್ದಳು. "ತುಕ್ಕು ಹಿಡಿದ ಕೊಳವೆ, ಎಂತಕ್ಕೆ ಇಟ್ಕೊಂಡಿದ್ಯೋ" ಎಂದಳು. ಹೊಸದಕ್ಕೆ ಹೇಳಿ ಎರಡು ತಿಂಗಳಾಯಿತು. ಅದು ಬರುವವರೆಗೆ ದಿನವೂ ಆ ಬಕೆಟ್‌ಗಳಲ್ಲಿ ಒಂದರಿಂದ ಸ್ನಾನ ಮಾಡುತ್ತೇನೆ.

ಇವೆಲ್ಲಕ್ಕಿಂತ ಗಂಭೀರವಾದ ಪ್ರಸಂಗ ನಡೆದದ್ದು ಆಗುಂಬೆಯ ಹತ್ತಿರವಿರುವ ಹೆಂಡತಿಯ ತವರಿನಲ್ಲಿ. ಟರ್ಬೊ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಒತ್ತಿ ತುಂಬಿದ ಗಾಳಿಗೆ ಹೋಗಲು ಜಾಗವಿಲ್ಲದೆ ಒಂದು ಕವಾಟದ ಮೂಲಕ ಹೊರಬೀಳುತ್ತದೆ. ಕಂಪನಿಯವರು ಅದನ್ನು ಮರ್ಯಾದೆಯಾಗಿ ಮತ್ತೆ ಒಳಗೇ ತಿರುಗಿಸಿರುತ್ತಾರೆ. ನಮ್ಮ ಗ್ಯಾರೇಜಿನ ಹುಡುಗ ಅದನ್ನು ನೇರ ಹೊರಕ್ಕೆ ಬಿಟ್ಟಿದ್ದ, ಆ ಸದ್ದಿಗೇ ಜನ ದುಡ್ಡು ಕೊಡುತ್ತಾರಂತೆ. ಸಂಜೆಗತ್ತಲಲ್ಲಿ ಅಂಗಳಕ್ಕೆ ತಿರುಗುವಾಗ ನಾನು ಕಾಲೆತ್ತಿದ್ದೇ ತಡ, "ಬುಸ್ಸ್" ಎಂದಿತು. ಅಡಿಕೆ ಸುಲಿಯುತ್ತ ಕುಳಿತಿದ್ದ ಏಳೆಂಟು ಹೆಂಗಸರು ಮೆಟ್ಟುಗತ್ತಿಗಳನ್ನು ಬಿಟ್ಟು ಜಗಲಿ ಹತ್ತಿದರು, ಭಾವಮೈದ ಕೋಲು ಹಿಡಿದು ಬಂದ. ಕಾಳಿಂಗ ಬಂದರೆ ಆಶ್ಚರ್ಯಪಡುವ ಊರಲ್ಲ ಅದು. 2005ರಲ್ಲಿ ಆಗುಂಬೆಯಲ್ಲಿ ಶುರುವಾದ ಮಳೆಕಾಡು ಸಂಶೋಧನಾ ಕೇಂದ್ರದವರು ಕಾಳಿಂಗಗಳ ಮೈಯೊಳಗೆ ರೇಡಿಯೊ ಇಟ್ಟು, ಅವು ಹೋದಲ್ಲಿ ಹಿಂದೆ ನಡೆದು ಅಧ್ಯಯನ ಮಾಡಿದ್ದಾರೆ. ವಿಷಯ ಬಲ್ಲ ಭಾವಮೈದ ಟಾರ್ಚು ಬಿಟ್ಟು ಕಾರಿನ ಅಡಿಯನ್ನು ನೋಡಿ, "ಭಾವಾ, ಕಾಳಿಂಗ ಹೀಗೆ ಬುಸ್ ಅನ್ನಲ್ಲ, ನಾಯಿ ಗುರುಗುಟ್ಟಿದ ಹಾಗೆ ಮಾಡ್ತದೆ" ಎಂದ. ಅಷ್ಟರಲ್ಲಿ ನಾನು ಕಾರನ್ನು ಸ್ವಲ್ಪ ಮುಂದೆ ತರಲು ಆಕ್ಸಿಲರೇಟರ್ ಒತ್ತಿದೆ. ಸೈಲೆನ್ಸರ್ ಗುರುಗುಟ್ಟಿತು. ಟಾರ್ಚು ಹಿಡಿದವನೂ ಜಗಲಿ ಹತ್ತಿದ.

ಇಷ್ಟಿದ್ದೂ ಏಕೆ ಇಟ್ಟುಕೊಂಡಿದ್ದೇನೆಂದು ಕೇಳಿದರೆ, ತೀರ್ಥಹಳ್ಳಿಯ ದಾರಿಯಲ್ಲಿ ಮಂಡಗದ್ದೆಯ ಆಚೆ, ಜಾಗವನ್ನು ನಾನು ಹೇಳುವುದಿಲ್ಲ, ಗುಂಡಿಯಿಲ್ಲದ ಒಂದು ನೇರ ತುಣುಕಿದೆ. ಅಮ್ಮನಿಗೆ ಜೋಂಪು ಹತ್ತಿದ್ದು, ಎದುರಿಗೆ ಯಾರೂ ಇಲ್ಲದಿದ್ದು, ರಸ್ತೆ ಒಣಗಿದ್ದರೆ, ಅಲ್ಲಿ ಆರು ಸೆಕೆಂಡು ನೂರಮೂವತ್ತು ಕುದುರೆಗಳೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಬೆನ್ನು ಸೀಟಿಗೆ ಅಂಟುತ್ತದೆ, ಪಕ್ಕದ ತುಂಗೆ ಹಿಂದಕ್ಕೆ ಹರಿದಂತಾಗುತ್ತದೆ, ಪಕ್ಕದಲ್ಲಿ ಕುಳಿತ ಹೆಂಡತಿ ಕಿಟಕಿಯ ಕಡೆಗೆ ಮುಖ ತಿರುಗಿಸಿ ನಗು ಮುಚ್ಚಿಕೊಳ್ಳುತ್ತಾಳೆ. ಏಳನೆಯ ಸೆಕೆಂಡಿಗೆ ತಿರುವು, ಅದರಾಚೆ ಪ್ಯಾಚ್ ಹಾಕಿದ ರಸ್ತೆ. ಅಲ್ಲಿಂದ ಮುಂದೆ ಟೈರು ಉಳಿಸಿಕೊಳ್ಳುವ ಭಯದಿಂದ ನಾನು ಒಂದೊಂದು ಗುಂಡಿಯನ್ನೂ ಸುತ್ತುಹಾಕಿ ಸಾಗುವಾಗ, ಈಗಷ್ಟೇ ಹಿಂದೆ ಹಾಕಿದ್ದ ಗೊಬ್ಬರದ ಟೆಂಪೊ ಗಂಭೀರವಾಗಿ ನಮ್ಮನ್ನು ದಾಟಿಹೋಗುತ್ತದೆ, ಅದರ ವಾಸನೆ ತೀರ್ಥಹಳ್ಳಿಯವರೆಗೂ ನಮ್ಮ ಮುಂದೆಯೇ ಇರುತ್ತದೆ.

ಕಳೆದ ಭೂಮಿ ಹುಣ್ಣಿಮೆಗೆ ದೊಡ್ಡಪ್ಪನ ಮನೆಗೆ ಹೋದಾಗ ದಣಪೆಯ ಬಳಿ ಕಾರು ನಿಂತಿತು. ಚರಂಡಿಯ ಮೇಲೆ ಹಾಕಿದ ಸಣ್ಣ ಸಂಕದ ಏರು ಕಾರಿನ ಮೂತಿಗೆ ತಾಗುತ್ತಿತ್ತು. ದೊಡ್ಡಪ್ಪ ಬಂದು, ಬಗ್ಗಿ ನೋಡಿ, ಏನೂ ಮಾತಾಡದೆ ಕೊಟ್ಟಿಗೆಯ ಪಕ್ಕದಿಂದ ನಾಲ್ಕು ಅಡಿಕೆ ದಬ್ಬೆ ತರಿಸಿದ. ಕೆಳಗೆ ಕಲ್ಲುಚಪ್ಪಡಿ ಕೊಟ್ಟು, ಎರಡೆರಡು ದಬ್ಬೆಗಳನ್ನು ಬೆನ್ನು ಮೇಲಾಗಿ ಜೋಡಿಸಿ, ಜಾರದಿರಲೆಂದು ಅವುಗಳ ಮೇಲೆ ಹಳೆಯ ಗೋಣಿಚೀಲ ಹಾಸಿದ. ಕಾರು ಅದರ ಮೇಲೆ, ಹಸೆಗೆ ಬರುವ ಮದುಮಗಳಂತೆ, ತಲೆ ತಗ್ಗಿಸಿ ಒಂದೊಂದೇ ಹೆಜ್ಜೆಯಿಟ್ಟು ಹತ್ತಿತು. ನಮ್ಮ ಹಿಂದೆಯೇ ಅದೇ ಸಂಕದ ಮೇಲೆ ಅವನ ಹಳೆಯ ಜೀಪು ಹನ್ನೆರಡು ಮೂಟೆ ಹೊತ್ತು ಬಂತು. "ಎಷ್ಟಾಯ್ತಾ ಹೀಗೆ ಮಾಡ್ಸೋಕೆ?" ಎಂದು ದೊಡ್ಡಪ್ಪ ಕೇಳಿದ. ನಿಜಬೆಲೆಯ ಅರ್ಧ ಹೇಳಿದೆ. ಅವನು ಬಹಳ ಹೊತ್ತು ತೋಟದ ಕಡೆ ನೋಡಿದ.

ಮಾರನೆಯ ದಿನ ನಸುಕಿನಲ್ಲಿ ಗದ್ದೆಗೆ ಚರಗ ಬೀರಿ, ಕೊಟ್ಟೆ ಕಡುಬು ತಿಂದು ಹೊರಡುವಾಗ ದೊಡ್ಡಮ್ಮ ಎರಡು ಬಾಳೆಗೊನೆ, ಹದಿನೈದು ತೆಂಗಿನಕಾಯಿ, ಒಂದು ಚೀಲ ಸೌತೆಕಾಯಿ, ಉಪ್ಪಿನಕಾಯಿಯ ಭರಣಿ ಎಲ್ಲವನ್ನೂ ಡಿಕ್ಕಿಗೆ ತುಂಬಿಸಿದಳು. ಕಾರಿನ ಹಿಂಭಾಗ ಕುಳಿತೇಬಿಟ್ಟಿತು. ಯಾರಾದರೂ ಒಬ್ಬರು ಇಳಿಯಬೇಕು, ಇಲ್ಲವೆ ಭರಣಿ ಇಳಿಯಬೇಕು. ಭರಣಿಯ ಮಾತೆತ್ತಲು ಯಾರಿಗೂ ಧೈರ್ಯವಿರಲಿಲ್ಲ. ಅಮ್ಮ ತಾನೇ ಸೆರಗು ಸಿಕ್ಕಿಸಿಕೊಂಡು, "ನಾನು ಬಸ್ಸಿಗೆ ಬರ್ತೀನಿ, ನೀವು ನಿಧಾನಕ್ಕೆ ಬನ್ನಿ" ಎಂದು ತೀರ್ಥಹಳ್ಳಿಯಲ್ಲಿ ಶಿವಮೊಗ್ಗದ ಬಸ್ಸು ಹತ್ತಿದಳು. ಗೊನೆಗಳ ಭಾರಕ್ಕೆ ಪ್ರತಿ ಪ್ಯಾಚಿನಲ್ಲೂ ಅಡಿ ಉಜ್ಜಿಸಿಕೊಳ್ಳುತ್ತ, ಆರು ಸೆಕೆಂಡಿನ ಜಾಗದಲ್ಲೂ ತಲೆ ತಗ್ಗಿಸಿಕೊಂಡು, ನಾವು ಅರವತ್ತು ಕಿಲೋಮೀಟರನ್ನು ಎರಡೂವರೆ ಗಂಟೆಯಲ್ಲಿ ಕ್ರಮಿಸಿದೆವು.

ಮನೆ ಬಾಗಿಲು ತೆರೆದಿತ್ತು. ಅಮ್ಮ ಸ್ನಾನ ಮುಗಿಸಿ, ಬೇರೆ ಸೀರೆಯುಟ್ಟು, ಕಾಫಿ ಲೋಟಗಳನ್ನು ಸಾಲಾಗಿ ಇಟ್ಟಿದ್ದಳು. ನಾವು ಬರುವ ಹೊತ್ತು ಇಷ್ಟು ಸರಿಯಾಗಿ ಹೇಗೆ ತಿಳಿಯಿತೆಂದು ಕೇಳಿದೆ.

"ನೀನು ಮೇನ್ ರೋಡ್ ಬಿಟ್ಟು ತಿರುಗಿದ್ದು ಇಲ್ಲಿಗೇ ಕೇಳ್ತು. ಆವಾಗ್ಲೇ ಹಾಲು ಒಲೆ ಮೇಲೆ ಇಟ್ಟೆ" ಎಂದಳು ಅಮ್ಮ. "ಮೂರು ಹಂಪ್ಸ್ ದಾಟಿ ಬರೋ ಹೊತ್ತಿಗೆ ಸರಿಯಾಗಿ ಉಕ್ತದೆ."