ಅದೊಂದೇ ಕಮಿಟ್ ಸಾಕು

ಮಳೆಗಾಲದಲ್ಲಿ ಕಾಸರಗೋಡಿನ ಪೆರ್ಲದ ತೋಟದ ಮನೆಯಲ್ಲಿ ಕೂತು ವರ್ಕ್ ಫ್ರಮ್ ಹೋಮ್ ಮಾಡುವವರಿಗೆ ಎರಡು ಸುದ್ದಿ ಕೇಳಿದರೆ ಹೆದರಿಕೆ. ಒಂದು, ಲೈನಿನ ಮೇಲೆ ಅಡಿಕೆ ಮರ ಬಿತ್ತಂತೆ. ಇನ್ನೊಂದು, ಬೆಂಗಳೂರಿನಿಂದ ಟೀಮ್ ಲೀಡ್ ಹೇಳುವ "ಜಾಸ್ತಿ ಏನಿಲ್ಲ, ಅದೊಂದೇ ಕಮಿಟ್ ರಿಲೀಸ್ ಬ್ರಾಂಚಿಗೆ ಹಾಕಿಬಿಡಿ." (ಕಮಿಟ್ ಅಂದರೆ ಕೋಡಿನಲ್ಲಿ ಮಾಡಿ ದಾಖಲಿಸಿಟ್ಟ ಒಂದು ಬದಲಾವಣೆ, ಬ್ರಾಂಚ್ ಅಂದರೆ ಅಂಥ ಕಮಿಟ್‌ಗಳ ಒಂದು ಸಾಲು. ಬಳಕೆದಾರರಿಗೆ ಹೋಗುವ ಸಾಲು ರಿಲೀಸ್ ಬ್ರಾಂಚ್, ಇನ್ನೂ ಕೆಲಸ ನಡೆಯುತ್ತಿರುವುದು ಡೆವಲಪ್ ಬ್ರಾಂಚ್.)

ಮೊನ್ನೆ ಎರಡೂ ಒಂದೇ ಸಂಜೆ ಬಂದವು.

ಆ ಕಮಿಟ್ ಬರೆದವನು ತಂಗಿಯ ಮದುವೆಗೆಂದು ರಜೆ ಹಾಕಿ ಬದಿಯಡ್ಕದಲ್ಲಿದ್ದ. ಡೆವಲಪ್ ಬ್ರಾಂಚಿನಲ್ಲಿ ಅವನ ಕಮಿಟ್‌ಗಳು ಸಾಲಾಗಿ ನಿಂತಿದ್ದವು: 'ಫಿಕ್ಸ್', 'ಮತ್ತೆ ಫಿಕ್ಸ್', 'ಈ ಸಲ ನಿಜವಾಗಿ ಫಿಕ್ಸ್'. ಲೀಡ್‌ಗೆ ಬೇಕಾದದ್ದು ಕೊನೆಯದು ಮಾತ್ರ. ಹಿಂದಿನವು ಬೇಡವಾ ಎಂದು ಕೇಳಿದೆ. "ಅವು ಟೆಸ್ಟ್ ಆಗಿಲ್ಲ, ಮುಟ್ಟಬೇಡಿ" ಎಂದರು. ಸರಿ, ಈ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಚೆರಿ-ಪಿಕ್ ಹೊಡೆದೆ.

ಆ ಒಂದು ಕಮಿಟ್ ಏನನ್ನು ಬದಲಿಸಿತ್ತೋ ಅಷ್ಟನ್ನೇ ಎತ್ತಿ ತಂದು, ನಾವಿರುವ ಬ್ರಾಂಚಿನ ಮೇಲೆ ಹೊಸ ಕಮಿಟ್ ಮಾಡುವುದು ಚೆರಿ-ಪಿಕ್‌ನ ಕೆಲಸ. ಆ ಸಾಲುಗಳು ಬೇರೆ ಯಾವುದನ್ನು ನಂಬಿಕೊಂಡಿವೆ ಎಂದು ಅದು ವಿಚಾರಿಸುವುದಿಲ್ಲ. ಮನೆಗೊಬ್ಬರೇ ಎಂದು ಮದುವೆಯೂಟಕ್ಕೆ ಅಜ್ಜನನ್ನು ಮಾತ್ರ ಕರಕೊಂಡು ಬಂದ ಹಾಗೆ. ಅಜ್ಜ ಬಂದು ಪಂಕ್ತಿಯಲ್ಲಿ ಕೂರುತ್ತಾರೆ, ಯಾರಿಗೂ ತಕರಾರಿಲ್ಲ. ಹಲ್ಲಿನ ಸೆಟ್ಟು ಮನೆಯಲ್ಲೇ ಉಳಿದದ್ದು ಗೊತ್ತಾಗುವುದು ಚಕ್ಕುಲಿ ಬಡಿಸಿದಾಗ.

ಅಲ್ಲಿಗೆ ಮುಟ್ಟುವ ಮೊದಲೇ, ಒಂದೇ ಜಾಗದಲ್ಲಿ ಎರಡು ಬ್ರಾಂಚುಗಳು ಬೇರೆ ಬೇರೆ ಹೇಳುತ್ತಿದ್ದ ಕಾರಣ, ಒಂದು ಫೈಲಿನಲ್ಲಿ ಕಾನ್‌ಫ್ಲಿಕ್ಟ್ ಬಂತು. ನಮ್ಮದನ್ನು ಇಟ್ಟುಕೊಳ್ಳುವುದೋ, ಅವರದನ್ನೋ? ಕಾಸರಗೋಡಿನವರಿಗೆ ಇದೇನು ಹೊಸ ಪ್ರಶ್ನೆಯೇ? ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಕೇಳುತ್ತಲೇ ಇದ್ದೇವೆ. ಊರಿನ ಅಭ್ಯಾಸದಂತೆ ಎರಡರಿಂದಲೂ ಬೇಕಾದಷ್ಟು ಇಟ್ಟುಕೊಂಡೆ.

ಫೈಲ್ ಸೇವ್ ಮಾಡಿದೆ ಅಷ್ಟೆ, ಅಡಿಕೆ ಮರ ಬಿತ್ತು. ಕಂಪ್ಯೂಟರ್ ಆಫ್. ಯುಪಿಎಸ್ ಯಾವ ಕಾಲದಲ್ಲೋ ಸತ್ತಿತ್ತು, ಸುಮ್ನೆ ಮೇಜಿನಡಿ ಇಟ್ಟಿದ್ದೇವೆ. ರಾತ್ರಿ ಕರೆಂಟು ಬಂದ ಮೇಲೆ ಸ್ಟೇಟಸ್ ನೋಡಿದರೆ, ನೀವೀಗ ಚೆರಿ-ಪಿಕ್‌ನಲ್ಲಿದ್ದೀರಿ ಎಂದು ಗಿಟ್ ಶಾಂತವಾಗಿ ಹೇಳಿತು. ಅರ್ಧ ಕೆಲಸದ ಲೆಕ್ಕವನ್ನು ಅದು ಡಿಸ್ಕಿನಲ್ಲೇ ಬರೆದಿಟ್ಟಿರುತ್ತದೆ. ಮನೆಯಲ್ಲಿ ಕರೆಂಟು ಹೋದದ್ದು ಗೊತ್ತಾಗದ್ದು ಅದೊಂದಕ್ಕೇ. ಸರಿಮಾಡಿದ ಫೈಲನ್ನು ಆಡ್ ಮಾಡಿ ಕಂಟಿನ್ಯೂ ಕೊಟ್ಟೆ, ಕಮಿಟ್ ಆಯಿತು, ಸರ್ವರಿಗೆ ಪುಶ್ ಮಾಡಿದೆ.

ಕೋಡಿನಿಂದ ಪ್ರೋಗ್ರಾಮ್ ಕಟ್ಟುವ ಬಿಲ್ಡ್ ಬಿತ್ತು. 'ಈ ಸಲ ನಿಜವಾಗಿ ಫಿಕ್ಸ್' ಕರೆಯುತ್ತಿದ್ದ ಫಂಕ್ಷನ್ ಹುಟ್ಟಿದ್ದೇ 'ಮತ್ತೆ ಫಿಕ್ಸ್'ನಲ್ಲಿ. ಅದನ್ನು ಮುಟ್ಟಬಾರದಲ್ವಾ?

ನಿಜವಾದ ಮಜಾ ಮರುದಿನ ಮಧ್ಯಾಹ್ನ. ಚೆರಿ-ಪಿಕ್ ಮಾಡಿದರೆ ಕಮಿಟ್‌ನ ಗುರುತಾದ ಹ್ಯಾಶ್ ಹೊಸದು, ಕಮಿಟರ್ ಜಾಗದಲ್ಲಿ ನನ್ನ ಹೆಸರು. ಆದರೆ ಆಥರ್, ಅಂದರೆ ಬರೆದವನು, ಮಾತ್ರ ಮೂಲದವನೇ. ಕಮಿಟ್‌ಗಳ ಪಟ್ಟಿ ಕೊಡುವ ಸಾದಾ ಗಿಟ್ ಲಾಗ್ ತೋರಿಸುವುದೂ ಅವನನ್ನೇ. ಲೀಡ್ ಲಾಗ್ ನೋಡಿದರು, ಸೀದಾ ಬದಿಯಡ್ಕಕ್ಕೆ ಫೋನ್ ಮಾಡಿದರು. ಮದುಮಗಳ ಅಣ್ಣ ಪಾಯಸದ ಬಕೆಟ್ ಹಿಡಿದು ಬಡಿಸುತ್ತಿದ್ದನಂತೆ.

"ನಿಮ್ಮ ಫಿಕ್ಸ್‌ನಿಂದ ಬಿಲ್ಡ್ ಹೋಯ್ತಲ್ರೀ!"

"ಯಾವ ಫಿಕ್ಸ್ ಸಾರ್? ಮೂರಿವೆ" ಎಂದನಂತೆ ಅವನು. ಅಷ್ಟರಲ್ಲಿ ಪಂಕ್ತಿಯ ಕೊನೆಯಿಂದ ಯಾರೋ ಪಾಯಸ ಎಂದು ಕೂಗಿದರು. ಫೋನ್ ಕಟ್.